ನೌಕರಿ ಹೋದ ಮೇಲಿನ ದಿನಗಳು

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ 46 ವರ್ಷದ ಗೃಹಸ್ಥರೊಬ್ಬರು ನಮ್ಮ ಬಳಿಗೆ ಚಿಕಿತ್ಸೆಗೆಂದು ಬಂದರು. ತಲೆನೋವು, ಎದೆಯುರಿ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ರೆ ಬಾರದಿರುವುದು ಇವು ಅವರ ಬಾಧೆಗಳು. ರಕ್ತದೊತ್ತಡವು 170/104 ಇದ್ದಿತು. ಹಿಂದಿನಿಂದ ಸೇವಿಸುತ್ತಿದ್ದ ಮಾತ್ರೆಯನ್ನು ನಿಲ್ಲಿಸಿದ್ದೀರಾ ಎಂದು ಕೇಳಿದಾಗ ಇಲ್ಲವೆಂದರು. ಮೂರನೆಯ ಭೇಟಿಯಲ್ಲಿ, ಜೊತೆಗೆ ಬಂದಿದ್ದ ಪತ್ನಿಯವರು ಔಷಧ ತರಲು ಹೊರಗೆ ಹೋದಾಗ, ನಿಜ ಸಂಗತಿಯನ್ನು ತಿಳಿಸಿದರು. ಹುಬ್ಬಳ್ಳಿಯ ಒಂದು ಘಟಕದಲ್ಲಿ 17 ವರ್ಷ ಉಗ್ರಾಣದ ಲೆಕ್ಕ ನೋಡಿಕೊಂಡಿದ್ದ ಅವರನ್ನು ‘ಹೆಚ್ಚುವರಿ ಸಿಬ್ಬಂದಿ’ ಎಂದು ಕೈಬಿಟ್ಟು ಒಂಬತ್ತು ವಾರಗಳಾಗಿದ್ದವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದಿನವೂ ಬೆಳಿಗ್ಗೆ ಎಂಟೂವರೆಗೆ ಬುತ್ತಿಯ ಡಬ್ಬಿ ಹಿಡಿದು ಹೊರಟು, ಉಣಕಲ್ ಕೆರೆಯ ದಂಡೆಯಲ್ಲಿ ಕುಳಿತಿದ್ದು, ಸಂಜೆ ಆರಕ್ಕೆ ಮನೆ ಸೇರುತ್ತಿದ್ದರು. ಮಾತ್ರೆಗಳು ಮುಗಿದು ತಿಂಗಳಾಗಿತ್ತು. ಹಣ ಉಳಿಯಲೆಂದು ಮತ್ತೆ ಕೊಂಡಿರಲಿಲ್ಲ.

ಇಂತಹವರು ನಮಗೆ ಹೊಸಬರಲ್ಲ. ನೌಕರಿ ಹೋದವರು ಅದನ್ನೇ ಹೇಳಿಕೊಂಡು ವೈದ್ಯರ ಬಳಿಗೆ ಬರುವುದು ಅಪರೂಪ. ಅವರು ಆಮ್ಲಪಿತ್ತವೆನ್ನುತ್ತಾರೆ, ಬೆನ್ನುನೋವು ಎನ್ನುತ್ತಾರೆ, ಸಕ್ಕರೆ ಏಕೋ ಏರಿದೆ ಎನ್ನುತ್ತಾರೆ. ಆದುದರಿಂದ ಈ ತಿಂಗಳ ಲೇಖನದಲ್ಲಿ ಒಂದು ರೋಗವನ್ನು ಬಿಟ್ಟು ಈ ಸ್ಥಿತಿಯನ್ನೇ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಸಂಬಳವು ನಿಲ್ಲುವುದು ಎಲ್ಲರ ಕಣ್ಣಿಗೂ ಕಾಣುವ ನಷ್ಟ. ಅದರೊಡನೆ ಕಾಣದ ಇನ್ನೊಂದು ನಷ್ಟವಿದೆಯೆಂಬುದನ್ನು ಆಸ್ಟ್ರಿಯಾ ದೇಶದಲ್ಲಿ ನಡೆದ ಅಧ್ಯಯನವೊಂದು ಬಹಳ ಹಿಂದೆಯೇ ತೋರಿಸಿಕೊಟ್ಟಿತು. ವಿಯೆನ್ನಾ ನಗರದ ಸಮೀಪದ ಮರಿಯೆಂಟಾಲ್ ಎಂಬ ಊರು ಒಂದೇ ಗಿರಣಿಯನ್ನು ನಂಬಿ ಬದುಕಿತ್ತು. 1929–30ರಲ್ಲಿ ಆ ಗಿರಣಿಯು ಮುಚ್ಚಿ, ಇಡೀ ಊರು ನಿರುದ್ಯೋಗಿಯಾಯಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ಎಂಬ ವಿದ್ವಾಂಸರು ಅಲ್ಲಿನ ಜೀವನವನ್ನು ಸೂಕ್ಷ್ಮವಾಗಿ ಗಮನಿಸಿ 1933ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹೇರಳವಾಗಿ ಬಿಡುವು ದೊರೆತ ಗಂಡಸರು ಗ್ರಂಥಾಲಯದಿಂದ ಹೆಚ್ಚು ಪುಸ್ತಕ ಒಯ್ದಿರಬೇಕೆಂದು ನಾವು ಊಹಿಸುತ್ತೇವೆ. ನಡೆದುದು ಅದಕ್ಕೆ ವಿರುದ್ಧ. ಎರವಲು ಪಡೆಯುವುದೇ ಕುಗ್ಗಿತು. ಬೀದಿಯಲ್ಲಿ ನಡೆಯುವಾಗ ಅವರ ಹೆಜ್ಜೆಗಳು ನಿಧಾನವಾದವು, ಕಾರಣವಿಲ್ಲದೆ ಮತ್ತೆ ಮತ್ತೆ ನಿಲ್ಲತೊಡಗಿದರು. ಅನೇಕರು ಗಡಿಯಾರ ಧರಿಸುವುದನ್ನೇ ಬಿಟ್ಟರು. ದಿನವಿಡೀ ಏನು ಮಾಡಿದಿರೆಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಹೆಂಗಸರ ನಡಿಗೆ ಮಾತ್ರ ಬಿರುಸಾಗಿಯೇ ಇತ್ತು, ಏಕೆಂದರೆ ಅಡುಗೆ, ಮಕ್ಕಳು, ಬಟ್ಟೆಬರೆಯ ಕೆಲಸಕ್ಕೆ ಯಾರೂ ಬೀಗ ಹಾಕಿರಲಿಲ್ಲ!

ನೌಕರಿಯು ನಮಗೆ ಅರಿವಿಲ್ಲದಂತೆಯೇ ದಿನಕ್ಕೊಂದು ಕ್ರಮವನ್ನು, ಮನೆಯ ಹೊರಗಿನ ಜನರ ಸಹವಾಸವನ್ನು, ‘ನಾನು ಇಂತಹವನು’ ಎಂಬ ಗುರುತನ್ನು ಕೊಟ್ಟಿರುತ್ತದೆಂದು ಯಹೋಡಾ ಅವರು ಮುಂದೆ ವಿವರಿಸಿದರು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದಾಗಲೂ, ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ನಿಂತಾಗಲೂ ನಮ್ಮ ನಾಡಿನ ಸಹಸ್ರಾರು ಮನೆಗಳು ಇದೇ ಅನುಭವವನ್ನು ಕಂಡಿವೆ. ಇಂದು ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಒಂದು ಮಿಂಚಂಚೆಯ ಮೂಲಕ ಹೊರಬೀಳುವ ತರುಣರದೂ ಬೇರೆ ಕಥೆಯಲ್ಲ.

ದಿನಕ್ಕೆ ಕ್ರಮ ತಪ್ಪಿದರೆ ಮೊದಲು ಕೆಡುವುದು ನಿದ್ರೆ. ರಾತ್ರಿ ಚಿಂತೆ, ಹಗಲಲ್ಲಿ ಜೊಂಪು, ಅದರಿಂದ ಮತ್ತೆ ರಾತ್ರಿ ಎಚ್ಚರ. ಹೀಗೆ ಚಕ್ರವು ತಿರುಗುತ್ತದೆ. ಒತ್ತಡದ ಸ್ಥಿತಿಯಲ್ಲಿ ಸ್ರವಿಸುವ ಕಾರ್ಟಿಸೋಲ್ ಮೊದಲಾದ ರಸದೂತಗಳು ರಕ್ತದೊತ್ತಡವನ್ನೂ ಸಕ್ಕರೆಯ ಅಂಶವನ್ನೂ ಏರಿಸುತ್ತವೆ. ಇಷ್ಟರ ಮೇಲೆ ಔಷಧವನ್ನು ನಿಲ್ಲಿಸಿದರೆ ಅಪಾಯವು ಇಮ್ಮಡಿಸುತ್ತದೆ. ಖರ್ಚಿನ ಪಟ್ಟಿಯಿಂದ ಕಟ್ಟಕಡೆಗೆ ತೆಗೆಯಬೇಕಾದುದು ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳೆಂದು ನಾವು ಒತ್ತಿ ಹೇಳುತ್ತೇವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತವಾಗಿ ದೊರೆಯುತ್ತವೆ. ಜನೌಷಧಿ ಕೇಂದ್ರಗಳಲ್ಲಿ ಅಲ್ಪ ಬೆಲೆಗೆ ಸಿಗುತ್ತವೆ. ಗುಟ್ಕಾ, ಸಿಗರೇಟು, ಮದ್ಯಗಳು ಈ ದಿನಗಳಲ್ಲಿಯೇ ಹೆಚ್ಚುವುದನ್ನು ಕಂಡಿದ್ದೇವೆ. ಅವಕ್ಕೆ ಮಾತ್ರ ಹಣ ಹೇಗೋ ಒದಗುತ್ತದೆ.

ಇನ್ನು ಮುಚ್ಚಿಡುವ ವಿಷಯ. ದುಡಿಮೆಯನ್ನು ಕಾಯಕವೆಂದು ಗೌರವಿಸುವ ನಮ್ಮ ಸಮಾಜದಲ್ಲಿ ಕೆಲಸವಿಲ್ಲದವನ ನಾಚಿಕೆ ತುಸು ಹೆಚ್ಚೇ ಎಂದು ನಮಗೆ ಅನ್ನಿಸುತ್ತದೆ. ದಾಸೋಹಕ್ಕೆ ಕೊಡುತ್ತಿದ್ದ ಕೈ ಬರಿದಾಯಿತೆಂದು ಆತನು ಮಠಕ್ಕೆ ಬರುವುದನ್ನು ಬಿಡುತ್ತಾನೆ, ‘ಈಗ ಎಲ್ಲಿದ್ದೀರಿ?’ ಎಂಬ ಪ್ರಶ್ನೆಗೆ ಅಂಜಿ ಮದುವೆ-ಮುಂಜಿಗಳಿಗೆ ಹೋಗುವುದನ್ನೂ ಬಿಡುತ್ತಾನೆ. ಸಂಬಳದ ನೌಕರಿಯೇ ಕಾಯಕವೆಂಬ ತಪ್ಪು ಗ್ರಹಿಕೆಯು ಇದಕ್ಕೆ ಕಾರಣ. ಈ ಅಜ್ಞಾತವಾಸವು ಮನಸ್ಸನ್ನು ಕುಗ್ಗಿಸುವುದಲ್ಲದೆ ಹೊಸ ಕೆಲಸದ ದಾರಿಯನ್ನೂ ಮುಚ್ಚುತ್ತದೆ. ಅಮೆರಿಕೆಯ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ಸಮೀಪದ ನ್ಯೂಟನ್ ಪಟ್ಟಣದಲ್ಲಿ, ಪರಿಚಿತರ ಮೂಲಕ ಉದ್ಯೋಗ ಪಡೆದವರನ್ನು ವಿಚಾರಿಸಿದ್ದರು. ಸುಳಿವು ಕೊಟ್ಟವರಲ್ಲಿ ಹೆಚ್ಚಿನವರು ಆಪ್ತಮಿತ್ರರಾಗಿರಲಿಲ್ಲ. ಯಾವಾಗಲೋ ಒಮ್ಮೆ ಭೇಟಿಯಾಗುವವರಾಗಿದ್ದರು. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ದೂರದ ಪರಿಚಿತರು ಬೇರೆ ವಲಯದ ಸುದ್ದಿಯನ್ನು ತರುತ್ತಾರೆ. ನೌಕರಿ ಹೋದವನು ಮೊದಲು ತಪ್ಪಿಸಿಕೊಂಡು ಓಡಾಡುವುದು ಇಂತಹ ಜನರಿಂದಲೇ!

ಆದುದರಿಂದ ಚಿಕಿತ್ಸೆಯ ಮೊದಲ ಭಾಗವು ಮನೆಯಲ್ಲಿ ಹೇಳುವುದು. ನಮ್ಮ ರೋಗಿಯು ಅಂದು ಸಂಜೆಯೇ ಹೇಳಿದರು. ಪತ್ನಿಯವರು ಅತ್ತರು, ಕೋಪಿಸಿಕೊಂಡರು. ನೌಕರಿ ಹೋದುದಕ್ಕಲ್ಲ, ಒಂಬತ್ತು ವಾರ ಸುಳ್ಳಿನ ಬುತ್ತಿ ಕಟ್ಟಿಸಿಕೊಂಡದ್ದಕ್ಕೆ. ಮರುದಿನ ಇಬ್ಬರೂ ಕೂಡಿ ಮನೆಯ ಲೆಕ್ಕ ಬರೆದರು.

ಕಾಗದಪತ್ರಗಳ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದರ ಗೊಂದಲವೂ ನಿದ್ರೆ ಕೆಡಿಸುತ್ತದೆ. ‘ನೀವೇ ರಾಜೀನಾಮೆ ಬರೆದುಕೊಡಿ’ ಎಂದು ಕೆಲವೆಡೆ ಒತ್ತಾಯಿಸುತ್ತಾರೆ. ತಿಳಿದವರನ್ನು ಕೇಳದೆ ಸಹಿ ಹಾಕಬಾರದು. ಸತತವಾಗಿ ಒಂದು ವರ್ಷವಾದರೂ ದುಡಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ಸೂಚನೆ ಅಥವಾ ಅದರ ಬದಲಿಗೆ ವೇತನ, ಜೊತೆಗೆ ಪೂರೈಸಿದ ಪ್ರತಿವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂಬ ನಿಯಮವು 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ಬಂದಿದೆ. ಸ್ವಇಚ್ಛೆಯ ರಾಜೀನಾಮೆಗೆ ಈ ಪರಿಹಾರವಿಲ್ಲ. ಐದು ವರ್ಷಗಳ ಸತತ ಸೇವೆಯುಳ್ಳವರಿಗೆ ಸಲ್ಲುವ ಉಪದಾನ, ಅಂದರೆ ಗ್ರಾಚ್ಯುಯಿಟಿ, ಬೇರೆಯೇ ಬಾಬತ್ತು. ಅದು ರಾಜೀನಾಮೆ ಕೊಟ್ಟವರಿಗೂ ಸಲ್ಲುತ್ತದೆ. ಕಂಪನಿಯು ಮಾಡಿಸಿದ ಗುಂಪು ಆರೋಗ್ಯವಿಮೆಯು ನೌಕರಿಯೊಡನೆ ಕೊನೆಗೊಳ್ಳುವುದರಿಂದ, ಅದನ್ನು ವೈಯಕ್ತಿಕ ವಿಮೆಯಾಗಿ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಹೊರಬೀಳುವ ಮುನ್ನವೇ ವಿಮಾ ಸಂಸ್ಥೆಯನ್ನು ವಿಚಾರಿಸತಕ್ಕದ್ದು.

ಎರಡನೆಯ ಭಾಗವು ದಿನಚರಿ. ಹಿಂದೆ ಏಳುತ್ತಿದ್ದ ಹೊತ್ತಿಗೇ ಏಳಬೇಕು. ಸ್ನಾನ, ಪೂಜೆ, ಉಪಾಹಾರಗಳು ಹಿಂದಿನ ವೇಳೆಗೇ ಆಗಬೇಕು. ಮುಂಜಾನೆಯ ಬೆಳಕಿನಲ್ಲಿ ಅರ್ಧ ಗಂಟೆ ಬಿರುಸಾದ ನಡಿಗೆಯು ನಿದ್ರೆಯನ್ನು ಸರಿದಾರಿಗೆ ತರಲು ನೆರವಾಗುತ್ತದೆ. ಕೆಲಸ ಹುಡುಕುವುದಕ್ಕೆ ದಿನದ ಮೂರು-ನಾಲ್ಕು ಗಂಟೆಗಳನ್ನು ಗೊತ್ತುಮಾಡಿ, ಅವು ಮುಗಿದ ಮೇಲೆ ನಿಲ್ಲಿಸಬೇಕು. ಹಗಲಿರುಳು ಮೊಬೈಲಿನಲ್ಲಿ ಜಾಹೀರಾತು ನೋಡುವುದು ಹುಡುಕಾಟವಲ್ಲ, ಅದು ಚಿಂತೆಯ ಇನ್ನೊಂದು ರೂಪ. ಉಳಿದ ಹೊತ್ತಿನಲ್ಲಿ ಮನೆಗೆಲಸದಲ್ಲಿ ಕೈಗೂಡಿಸಲಿ. ಮರಿಯೆಂಟಾಲ್‌ನ ಗಂಡಸರು ಮಾಡದೆ ಬಿಟ್ಟುದು ಇದನ್ನೇ.

ಸಂದರ್ಶನಕ್ಕೆ ಸಂಬಂಧಿಸಿದ ಒಂದು ಕುತೂಹಲಕರ ಪ್ರಯೋಗವಿದೆ. ಅಮೆರಿಕೆಯ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಂಗಡಿಗರು, ಕೆಲಸ ಕಳೆದುಕೊಂಡ ತಂತ್ರಜ್ಞರಲ್ಲಿ ಕೆಲವರಿಗೆ ಐದು ದಿನ, ದಿನಕ್ಕೆ 20 ನಿಮಿಷ, ನೌಕರಿ ಹೋದುದರ ಬಗೆಗಿನ ತಮ್ಮ ಒಳಗುದಿಯನ್ನು ಬರೆಯಲು ಹೇಳಿದರು. 1994ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಹೀಗೆ ಬರೆದವರಿಗೆ ಇತರರಿಗಿಂತ ಬೇಗ ಕೆಲಸ ದೊರೆಯಿತು. ಅವರು ಹೆಚ್ಚು ಅರ್ಜಿಗಳನ್ನೇನೂ ಹಾಕಿರಲಿಲ್ಲ. ಹಳೆಯ ಧಣಿಯ ಮೇಲಿನ ಸಿಟ್ಟು ಕಾಗದದ ಮೇಲೆ ಇಳಿದುಹೋದುದರಿಂದ ಹೊಸ ಧಣಿಯ ಮುಂದೆ ಅದು ಉಕ್ಕಲಿಲ್ಲವೆಂಬ ವಿವರಣೆಯು ನಮಗೆ ಒಪ್ಪಿಗೆಯಾಗುತ್ತದೆ. ಹಳೆಯ ನೋಟುಪುಸ್ತಕವೊಂದಿದ್ದರೆ ಸಾಕು. ಬರೆದುದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಏಕೆ ಬಿಟ್ಟಿರೆಂದು ಸಂದರ್ಶನದಲ್ಲಿ ಕೇಳಿದರೆ, ಘಟಕದಲ್ಲಿ ಸಿಬ್ಬಂದಿಯನ್ನು ಕಡಿಮೆ ಮಾಡಿದರೆಂದು ಒಂದೇ ವಾಕ್ಯದಲ್ಲಿ ನಿಜ ಹೇಳಿ, ತಾನು ಮಾಡಬಲ್ಲ ಕೆಲಸದ ಮಾತಿಗೆ ಬರುವುದು ಮೇಲು.

ನಿರಾಕರಣೆ ಬಂದೇ ಬರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದಲ್ಲಿ ನಿರುದ್ಯೋಗಿಗಳ ಚಿಕ್ಕ ಗುಂಪುಗಳಿಗೆ ಹುಡುಕಾಟದ ಕೌಶಲದೊಡನೆ, ‘ಇಲ್ಲ’ ಎಂಬ ಉತ್ತರ ಬಂದಾಗ ಮುಂದೇನು ಮಾಡುವಿರೆಂಬುದನ್ನೂ ಮೊದಲೇ ಯೋಚಿಸಿಡುವ ಅಭ್ಯಾಸ ಮಾಡಿಸಿದರು. ಅಂತಹವರಲ್ಲಿ ಖಿನ್ನತೆಯು ಕಡಿಮೆಯಾಗಿದ್ದು, ಮರುಉದ್ಯೋಗವೂ ಉತ್ತಮವಾಗಿತ್ತು. ಊರಿನಲ್ಲಿ ಇಂತಹ ನಾಲ್ಕೈದು ಜನರಿದ್ದರೆ ವಾರಕ್ಕೊಮ್ಮೆ ಕೂಡಲು ಮಠದ ಅಂಗಳವು ಸಾಲದೇ?

ಮನೆಯವರು ಎಚ್ಚರ ವಹಿಸಬೇಕಾದ ಚಿಹ್ನೆಗಳಿವೆ. ಎರಡು ವಾರಗಳಿಗೂ ಮೀರಿ ಊಟ, ನಿದ್ರೆ, ಮಾತುಗಳಲ್ಲಿ ಆಸಕ್ತಿ ಇಲ್ಲದಿರುವುದು, ತಾನು ಎಲ್ಲರಿಗೂ ಭಾರವೆಂದು ಹೇಳುವುದು, ಇದ್ದಕ್ಕಿದ್ದಂತೆ ಬ್ಯಾಂಕು ವಿಮೆಗಳ ಕಾಗದಗಳನ್ನು ಹೊಂದಿಸಿ ಒಪ್ಪಿಸುವುದು ಇವನ್ನು ಲಘುವಾಗಿ ಕಾಣಬಾರದು. ‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ ಕೇಳಬಹುದು; ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅಂತಹವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ರೋಗಿಗೆ ಎರಡು ಕಡೆ ವಯಸ್ಸಾಯಿತೆಂಬ ಉತ್ತರ ಬಂದಿತು. ಮೂರನೆಯ ಸುಳಿವನ್ನು ಕೊಟ್ಟವರು, ಹಿಂದೆ ಅವರ ಘಟಕಕ್ಕೆ ಸರಕು ತರುತ್ತಿದ್ದ ಲಾರಿ ಕಚೇರಿಯ ಗುಮಾಸ್ತರು. ಭೇಟಿಯಾಗಿ ಎರಡು ವರ್ಷವಾಗಿದ್ದ ಅವರು ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದರಂತೆ. ಔಷಧ ವಿತರಕರೊಬ್ಬರ ಗೋದಾಮಿನಲ್ಲಿ ದಾಸ್ತಾನಿನ ಲೆಕ್ಕಕ್ಕೆ ಜನ ಬೇಕಾಗಿತ್ತು. ಕಂಪ್ಯೂಟರಿನ ಲೆಕ್ಕವನ್ನು ಕಾಲೇಜು ಓದುವ ಮಗಳು ಮೂರು ವಾರ ಸಂಜೆಯ ಹೊತ್ತು ಕೂರಿಸಿಕೊಂಡು ಕಲಿಸಿದಳು. ಸಂಬಳವು ಮೊದಲಿನದಕ್ಕಿಂತ ಕಾಲುಭಾಗ ಕಡಿಮೆ. ಅದರ ಬೇಸರವು ಇನ್ನೂ ಹೋಗಿಲ್ಲವೆಂದು ಅವರೇ ಹೇಳುತ್ತಾರೆ. ಕಳೆದ ತಿಂಗಳು ತಪಾಸಣೆಗೆ ಬಂದಾಗ ರಕ್ತದೊತ್ತಡವು 134/86 ಇದ್ದಿತು. ಮಾತ್ರೆಯ ಚೀಟಿಯನ್ನು ಪತ್ನಿಯವರು ತಮ್ಮ ಬಳಿಯೇ ಇಟ್ಟುಕೊಂಡಿದ್ದರು.