ಊರಿಗೆ ಹೊರಟಿರಾ? ತಟ್ಟೆ, ಲೋಟ ಮರೆಯಬೇಡಿ



ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿದರೆ ಮಂಗಳೂರು ಮರುದಿನ ಬೆಳಿಗ್ಗೆಯೇ. ಚೀಲದಲ್ಲಿ ಅಪ್ಪ-ಅಮ್ಮನ ಮಾತ್ರೆ ಇರುತ್ತದೆ, ಅವರ ಲೋಟ ಇರುವುದಿಲ್ಲ. ಹೃದಯದ ತೊಂದರೆ ಇರುವವರಿಗೆ ಅದೂ ಬೇಕು.

1. ಲೋಟ: ಹೃದಯ ದುರ್ಬಲವಾಗಿರುವ ಕೆಲವರಿಗೆ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಮಿತಿ ಹಾಕಿರುತ್ತಾರೆ. ಬಾಟಲಿ ಎತ್ತಿ ಕುಡಿದರೆ ಲೆಕ್ಕ ತಪ್ಪುತ್ತದೆ. 200 ಮಿ.ಲೀ. ಹಿಡಿಯುವ ಸ್ಟೀಲ್ ಲೋಟ ಒಯ್ಯಿರಿ. ಒಂದೂವರೆ ಲೀಟರ್ ಮಿತಿಯಾದರೆ ಏಳೂವರೆ ಲೋಟ. ಚಹಾ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ. ಮಿತಿ ಇಲ್ಲದವರು ನೀರು ಕಡಿಮೆ ಮಾಡಬೇಡಿ.

2. ತಟ್ಟೆ: ಅಂಚಿರುವ ಸಣ್ಣ ಸ್ಟೀಲ್ ತಟ್ಟೆ ಸಾಕು. ಉಪ್ಪಿನಕಾಯಿ, ಹಪ್ಪಳಕ್ಕೆ ಅದರಲ್ಲಿ ಜಾಗ ಬೇಡ. ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

3. ತಾಮ್ರದ ಲೋಟ, ಬಾಟಲಿಯಲ್ಲಿ ಮಜ್ಜಿಗೆ, ನಿಂಬೆ ಪಾನಕ ಬೇಡ. ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ.

4. ರೈಲಿನ ಶೌಚಾಲಯಕ್ಕೆ ಹೆದರಿ ಅನೇಕ ಹಿರಿಯರು ಮೂತ್ರ ಹೋಗುವ ಮಾತ್ರೆ ಬಿಡುತ್ತಾರೆ. ಊರು ತಲುಪುವಾಗ ಕಾಲು ಊದಿ, ಉಸಿರು ಕಟ್ಟಬಹುದು. ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ದಾರಿಯಲ್ಲಿ ಎದೆನೋವು ಬಂದರೆ, ಮಲಗಿದಾಗ ಉಸಿರುಗಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಟಿಟಿಗೆ ಹೇಳಿ, 139ಕ್ಕೆ ಕರೆ ಮಾಡಿ.

ಸುಖವಾಗಿ ಹೋಗಿ ಬನ್ನಿ. ಊರಿಗೆ ಹೊರಟಿರುವವರಿಗೂ ಇದನ್ನು ಕಳುಹಿಸಿ.