ಬಂಧುಭಾಷೆ ಮತ್ತು ನೆರೆಭಾಷೆ

ಮುಂಬಯಿಯಲ್ಲಿ ವಾಸಿಸುವ ನಮ್ಮ ಕಿವಿಗೆ ದಿನವೊಂದರಲ್ಲಿಯೇ ನಾಲ್ಕಾರು ಭಾಷೆಗಳು ಬೀಳುತ್ತವೆ. ಮನೆಯಲ್ಲಿ ಕನ್ನಡ ಇಲ್ಲವೆ ತುಳು, ಬೀದಿಯಲ್ಲಿ ಮರಾಠಿ, ಅಂಗಡಿಯಲ್ಲಿ ಗುಜರಾತಿ, ರೈಲಿನಲ್ಲಿ ಹಿಂದಿ. ಇವುಗಳಲ್ಲಿ ಕನ್ನಡಕ್ಕೆ ಬಂಧು ಯಾವುದು, ನೆರೆ ಯಾವುದು? ಬಳಿಯಲ್ಲಿರುವ ಮರಾಠಿಯೇ ಬಂಧುವೆಂದು ನಮ್ಮಲ್ಲಿ ಹಲವರ ಎಣಿಕೆ. ಅದು ಸರಿಯೇ ಎಂಬುದನ್ನು ವಿಚಾರಿಸಿ ನೋಡೋಣ.

ಭಾಷೆಗಳ ನಂಟನ್ನು ಅರಿಯಲು ಪಂಡಿತರ ಪದಗಳನ್ನು ನೆಚ್ಚಬಾರದು. ಅವು ಎರವಲು ಬಂದಿರಬಹುದು. ಮಗುವು ತಾಯಿಯಿಂದ ಮೊದಲು ಕಲಿಯುವ ಪದಗಳನ್ನು ನೋಡಬೇಕು. ನಾವು ಎರಡು, ಮೂರು ಎಂದು ಎಣಿಸುತ್ತೇವೆ. ತಮಿಳರು ಇರಂಡು, ಮೂನ್ರು ಎನ್ನುವರು. ತೆಲುಗರು ರೆಂಡು, ಮೂಡು ಎನ್ನುವರು. ತುಳುವರು ರಡ್ಡ್, ಮೂಜಿ ಎನ್ನುವರು. ಮರಾಠಿಯಲ್ಲಾದರೋ ದೋನ್, ತೀನ್; ಹಿಂದಿಯಲ್ಲಿ ದೋ, ತೀನ್; ಸಂಸ್ಕೃತದಲ್ಲಿ ದ್ವಿ, ತ್ರಿ. ಮನೆತನಗಳು ಎರಡೆಂಬುದು ಇಲ್ಲಿಯೇ ತಿಳಿಯುವುದು. ಮೊದಲನೆಯದು ದ್ರಾವಿಡ, ಎರಡನೆಯದು ಇಂಡೋ-ಆರ್ಯ.

ಬರಿಯ ಹೋಲಿಕೆ ಸಾಲದು, ಅದರಲ್ಲಿ ನಿಯಮವಿರಬೇಕು. ನಮ್ಮ ಹಾಲು ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು. ನಮ್ಮ ಹುಲಿ ಎರಡರಲ್ಲಿಯೂ ಪುಲಿ. ಹಳಗನ್ನಡದಲ್ಲಿಯೂ ಪಾಲ್, ಪುಲಿ ಎಂದೇ ಇದ್ದಿತು. ಕಾಲಕ್ರಮದಲ್ಲಿ ಪಕಾರವು ಹಕಾರವಾಯಿತು. ಹಾಗಾದರೆ ಕನ್ನಡವು ತಮಿಳಿನ ಮಗಳೇ? ಅಲ್ಲ. ನಮ್ಮ ಕಿವಿಯು ತಮಿಳಿನಲ್ಲಿ ಚೆವಿ. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡವಳು ಕನ್ನಡವೇ. ಒಬ್ಬಳು ಒಂದನ್ನು ಉಳಿಸಿದಳು, ಇನ್ನೊಬ್ಬಳು ಮತ್ತೊಂದನ್ನು. ಆದುದರಿಂದ ಇವರು ಅಕ್ಕತಂಗಿಯರು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವುಗಳಲ್ಲವೆಂದು 1816ರಲ್ಲಿ ಮದರಾಸಿನ ಎಲ್ಲಿಸ್ ಎಂಬವರು ತೋರಿಸಿಕೊಟ್ಟರು. 1856ರಲ್ಲಿ ಕಾಲ್ಡ್‌ವೆಲ್ಲರು ಈ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದರು.

2011ರ ಜನಗಣತಿಯು ಹತ್ತು ಸಾವಿರಕ್ಕೆ ಕಡಮೆಯಿಲ್ಲದಷ್ಟು ಜನರಾಡುವ 121 ಭಾಷೆಗಳನ್ನು ಲೆಕ್ಕಹಾಕಿತು. ಜನರಲ್ಲಿ ನೂರಕ್ಕೆ ಸುಮಾರು 78 ಮಂದಿ ಇಂಡೋ-ಆರ್ಯ ಭಾಷೆಗಳನ್ನೂ, ಸುಮಾರು 20 ಮಂದಿ ದ್ರಾವಿಡ ಭಾಷೆಗಳನ್ನೂ ಆಡುವರು. ಸಂತಾಲಿ, ಖಾಸಿಗಳ ಆಸ್ಟ್ರೋ-ಏಷ್ಯಾಟಿಕ್ ಕುಲಕ್ಕೂ, ಮಣಿಪುರಿ, ಬೋಡೋಗಳ ಟಿಬೆಟೋ-ಬರ್ಮನ್ ಕುಲಕ್ಕೂ ನೂರರಲ್ಲಿ ಒಂದೊಂದರಷ್ಟು ಪಾಲು. ಮಹಾರಾಷ್ಟ್ರವೊಂದರಲ್ಲಿಯೇ ಈ ವೈವಿಧ್ಯವನ್ನು ಕಾಣಬಹುದು. ಗಡಚಿರೋಲಿಯ ಗೋಂಡಿಯು ಕನ್ನಡದ ಬಂಧು. ಮೇಳಘಾಟದ ಕೊರ್ಕುವು ಸಂತಾಲಿಯ ಬಂಧು. ಬುಲಢಾಣಾ ಜಿಲ್ಲೆಯ ನಿಹಾಲಿಗೆ ಬಂಧುಗಳೇ ಕಂಡುಬಂದಿಲ್ಲ.

ಮರಾಠಿಯು ಬಂಧುವಲ್ಲವೆಂದ ಮಾತ್ರಕ್ಕೆ ಪರಕೀಯವೆಂದು ತಿಳಿಯಬಾರದು. ನೆರೆಹೊರೆಯವರಲ್ಲಿ ಕೊಡುಕೊಳ್ಳುವಿಕೆ ಉಂಟು. ಮರಾಠಿಗರ ಮನೆಯ ಅಣ್ಣಾ, ಅಕ್ಕಾ ನಮ್ಮ ಕಡೆಯಿಂದ ಹೋದ ಪದಗಳು. ಅಷ್ಟೇ ಅಲ್ಲ, ಕೇಳುವವರನ್ನು ಬಿಟ್ಟು ಹೇಳುವ ‘ನಾವು’ ಮರಾಠಿಯಲ್ಲಿ ಆಮ್ಹೀ, ಕೂಡಿಸಿಕೊಂಡು ಹೇಳುವ ‘ನಾವು’ ಆಪಣ್. ತೆಲುಗಿನಲ್ಲಿಯೂ ಹೀಗೆಯೇ ಮೇಮು, ಮನಮು ಎಂಬ ಎರಡುಂಟು. ಈ ಭೇದವು ದ್ರಾವಿಡ ನೆರೆಯಿಂದ ಬಂದುದೆಂದು ವಿದ್ವಾಂಸರ ಮತ. ನಾವೂ ಪೋರ್ಚುಗೀಸರಿಂದ ಚಾವಿ, ಬಟಾಟೆಗಳನ್ನೂ, ಸಂಸ್ಕೃತದಿಂದ ಪುಸ್ತಕ, ಸೂರ್ಯಗಳನ್ನೂ ಪಡೆದಿದ್ದೇವೆ.

ಎರವಲು ಪದಗಳಿಂದ ಭಾಷೆಯು ಬಡವಾಗದು. ಆದರೆ ನಮ್ಮ ಮಕ್ಕಳಲ್ಲಿ ಹಲವರು ಕನ್ನಡದಲ್ಲಿ ಮಾತನಾಡುತ್ತಿದ್ದರೂ ಚಿಲ್ಲರೆ ಎಣಿಸುವಾಗ ‘ಪಚ್ಚೀಸ್’, ‘ತೀಸ್’ ಎನ್ನುತ್ತಾರೆ. ಯಾವ ಪದಗಳಿಂದ ನಮ್ಮ ಕುಲವನ್ನು ಗುರುತಿಸಿದೆವೋ ಅವೇ ಮೊದಲು ಜಾರಿಹೋಗುತ್ತಿವೆ. ನೆರೆಯವರ ಎಣಿಕೆಯನ್ನು ಕಲಿಯೋಣ. ಮನೆಯ ಎಣಿಕೆಯನ್ನು ಮಾತ್ರ ಬಿಡದಿರೋಣ.

ಅಭ್ಯಾಸ: ಕಣ್ಣು, ಹಲ್ಲು, ನೀರು, ಐದು, ಇಪ್ಪತ್ತೈದು — ಈ ಪದಗಳಿಗೆ ನಿಮ್ಮ ನೆರೆಮನೆಗಳಲ್ಲಿ ಏನೆನ್ನುವರೆಂದು ಕೇಳಿ ಬರೆದುಕೊಳ್ಳಿರಿ. ಬಂಧುಭಾಷೆಗಳನ್ನೂ ನೆರೆಭಾಷೆಗಳನ್ನೂ ಬೇರ್ಪಡಿಸಿರಿ.