ಹೊಂಗೆಯೆಣ್ಣೆಯ ಗಸಿಯೂ ಸಿಹಿಯೂ

ಅರಸೀಕೆರೆಯಿಂದ ಹಳೇಬೀಡು, ಬೇಲೂರುಗಳ ಕಡೆಗೆ ಪ್ರಯಾಣಮಾಡಿದವರು ಹೊಲದ ಬದುಗಳಲ್ಲಿ ಹೊಂಗೆಯ ಮರಗಳನ್ನು ಕಂಡೇ ಇರುವರು. ಅದರ ಎಣ್ಣೆಯು ಪೂರ್ವದಲ್ಲಿ ದೀಪಕ್ಕೂ, ಹಿಂಡಿಯು ಗೊಬ್ಬರಕ್ಕೂ ಉಪಯೋಗವಾಗುತ್ತಿದ್ದಿತು. ಇಷ್ಟು ಕಹಿಯಾದ ಎಣ್ಣೆಯ ಗಸಿಯಿಂದ ಸಿಹಿಯು ಹುಟ್ಟಬಹುದೇ? ಇದನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸೋಣ.

ನಮ್ಮ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2007ನೆಯ ಇಸವಿಯಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆ ಮುಂತಾದವುಗಳ ಎಣ್ಣೆಯಿಂದ ಡೀಸೆಲ್ ಮಾಡುವ ಕ್ರಮವನ್ನು ರೈತರಿಗೆ ಪರಿಚಯಮಾಡಿಕೊಟ್ಟರು. ಎಣ್ಣೆಗೆ ಮೆಥನಾಲನ್ನೂ ಸ್ವಲ್ಪ ಕ್ಷಾರವನ್ನೂ ಬೆರಸಿ ಕಾಯಿಸಿದರೆ ಡೀಸೆಲು ಮೇಲೆ ನಿಲ್ಲುವುದು, ಗ್ಲಿಸರಿನ್ ಕೆಳಗೆ ಇಳಿಯುವುದು. 100 ಕಿಲೋ ಎಣ್ಣೆಗೆ ಸುಮಾರು 10 ಕಿಲೋ ಗ್ಲಿಸರಿನ್ ಬರುವುದು. ಅದರಲ್ಲಿ ಸಾಬೂನು, ಉಪ್ಪು, ಮೆಥನಾಲುಗಳು ಕಲೆತಿರುವುದರಿಂದ ಶುದ್ಧಮಾಡುವುದಕ್ಕೆ ವೆಚ್ಚ ಅಧಿಕ. ಚೆಲ್ಲಿದರೆ ನೀರು ಕೆಡುವುದು.

ಈ ಗಸಿಯನ್ನೇ ಆಹಾರವಾಗಿ ಉಣ್ಣುವ ಒಂದು ಯೀಸ್ಟು ಉಂಟು. ಅದರ ಹೆಸರು ಯಾರೋವಿಯ ಲಿಪೊಲಿಟಿಕ. ಉಪ್ಪಿಗೆ ಹಾಕಿದ ಮಾವಿನಕಾಯಿಯು ನೀರು ಬಿಡುವುದನ್ನು ತಾಯಂದಿರೆಲ್ಲರೂ ಬಲ್ಲರು. ಹಾಗೆಯೇ ಸಾಂದ್ರವಾದ ಗ್ಲಿಸರಿನ್ನಿನಲ್ಲಿ ಈ ಸೂಕ್ಷ್ಮಜೀವಿಯ ನೀರೂ ಹೊರಕ್ಕೆ ಸೆಳೆಯಲ್ಪಡುವುದು. ಆಗ ಅದು ತನ್ನ ನೀರನ್ನು ಉಳಿಸಿಕೊಳ್ಳುವುದಕ್ಕಾಗಿ ಎರಿತ್ರಿಟಾಲ್ ಎಂಬ ಸಿಹಿವಸ್ತುವನ್ನು ನಿರ್ಮಿಸುವುದು. ರಸಾಯನಶಾಸ್ತ್ರಜ್ಞರು ಇದನ್ನು ಸಕ್ಕರೆಯ ಮದ್ಯಸಾರವೆಂದು ಕರೆದರೂ ಇದರಲ್ಲಿ ಅಮಲಿಲ್ಲ. 2016ರಲ್ಲಿ ಪೋಲೆಂಡ್ ದೇಶದ ವಿದ್ವಾಂಸರು, ಗ್ಲಿಸರಿನ್ನನ್ನು ಅರಗಿಸುವ ವಂಶವಾಹಿಗಳು ಹೆಚ್ಚಾಗಿ ಕೆಲಸಮಾಡುವಂತೆ ಈ ಯೀಸ್ಟನ್ನು ಮಾರ್ಪಡಿಸಿ, ಎರಿತ್ರಿಟಾಲನ್ನು ಬೇಗನೆಯೂ ಅಧಿಕವಾಗಿಯೂ ಪಡೆದರು.

ಇದರ ಸಿಹಿಯು ಸಕ್ಕರೆಯದರಲ್ಲಿ ಶೇಕಡ 60ರಿಂದ 70ರಷ್ಟು. ಒಂದು ಗ್ರಾಮ್ ಸಕ್ಕರೆಯಲ್ಲಿ 4 ಕ್ಯಾಲೊರಿ ಇದ್ದರೆ ಇದರಲ್ಲಿ ಸುಮಾರು 0.2 ಮಾತ್ರ. ಬಹುಭಾಗವು ಮೂತ್ರದಲ್ಲಿ ಹೊರಟುಹೋಗುವುದರಿಂದ ರಕ್ತದ ಸಕ್ಕರೆಯು ಏರದು, ಹಲ್ಲೂ ಹುಳುಕಾಗದು. ಈಗ ಅಂಗಡಿಗಳಲ್ಲಿ ದೊರೆಯುವುದು ಹೆಚ್ಚಾಗಿ ಮುಸುಕಿನ ಜೋಳದ ಪಿಷ್ಟದಿಂದಾದದ್ದು. ಗಸಿಯಿಂದಲೇ ತಯಾರಾದರೆ ಉಣ್ಣುವ ಧಾನ್ಯವು ಉಳಿಯುವುದಲ್ಲವೇ?

ಹಾಗಾದರೆ ಮಧುಮೇಹವುಳ್ಳ ಹಿರಿಯರಿಗೆ ಇದನ್ನು ಧಾರಾಳವಾಗಿ ಬಡಿಸಬಹುದೋ? ಇಲ್ಲಿ ಅವಸರ ಸಲ್ಲದು. ರಕ್ತದಲ್ಲಿ ಎರಿತ್ರಿಟಾಲ್ ಹೆಚ್ಚಾಗಿದ್ದವರಲ್ಲಿ ಹೃದಯಾಘಾತವೂ ಪಾರ್ಶ್ವವಾಯುವೂ ಹೆಚ್ಚಾಗಿ ಕಂಡುಬಂದವೆಂದು 2023ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ವೈದ್ಯರು ಪ್ರಕಟಿಸಿದರು. ನಮ್ಮ ದೇಹವೂ ಇದನ್ನು ಸ್ವಲ್ಪ ಉತ್ಪತ್ತಿಮಾಡುವುದರಿಂದ, ತಿಂದದ್ದೇ ಕಾರಣವೆಂದು ಇದರಿಂದ ಸಿದ್ಧವಾಗಲಿಲ್ಲ. ಆದಕಾರಣ ವೈದ್ಯರನ್ನು ಕೇಳಿ ಮಿತವಾಗಿ ಉಪಯೋಗಿಸುವುದೇ ಜಾಣತನ.

ಕಸದಿಂದ ರಸವೆಂಬ ಮಾತು ನಿಜ. ಆದರೆ ರಸವು ಎಲ್ಲಿಂದ ಬಂದರೂ ಅಳತೆಯನ್ನು ಮರೆಯಬಾರದೆಂಬುದೂ ಅಷ್ಟೇ ನಿಜ. ಈ ಎರಡನ್ನೂ ನಮ್ಮ ಹೆಣ್ಣುಮಕ್ಕಳು ಅಡಿಗೆಮನೆಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ನೆನಪಿನಲ್ಲಿಡಲೆಂದು ಹಾರೈಸುವೆವು.